ಸರ್ಕಾರದ ದುಡ್ಡಲ್ಲಿ ನಡೆದ ಎನರ್ಜಿ ಸೇವಿಂಗ್ ರಿಸರ್ಚ್ ಕೆಲಸಕ್ಕೆ ಬಂತಾ ಇಲ್ವಾ, ನೋಡೋದ್ ಹೆಂಗೆ

ಹೋದ ತಿಂಗಳು ನಮ್ಮಕ್ಕನ ಮಗ ಮೈಸೂರಿಂದ ಒಂದು ಪಿಡಿಎಫ್ ಕಳಿಸ್ದ, 180 ಪೇಜು. ಸಕ್ಕರೆ ಫ್ಯಾಕ್ಟರೀಲಿ ಹಬೆ, ಕರೆಂಟು ಉಳಿಸೋಕೆ ಅಂತ ಸರ್ಕಾರದ ಗ್ರಾಂಟಲ್ಲಿ ನಡೆದ ಪ್ರಾಜೆಕ್ಟಿನ ಫೈನಲ್ ರಿಪೋರ್ಟು. ಎಂ.ಟೆಕ್ ಸೆಮಿನಾರಿಗೆ ಇದನ್ನ ಇವ್ಯಾಲ್ಯುಯೇಟ್ ಮಾಡ್ಕೊಂಡ್ ಬಾ ಅಂದವ್ರೆ ಮಾಮ, ಎಲ್ಲಿಂದ ಶುರು ಮಾಡ್ಲಿ ಅಂದ. ನಾನು ಮಂಡ್ಯದಲ್ಲಿ ಕೂತ್ಕೊಂಡು ಹದಿನೈದು ವರ್ಷದಿಂದ ಎನರ್ಜಿ ಆಡಿಟ್ ಮಾಡ್ಕೊಂಡು ಬಂದೋನು, ಬಾಯ್ಲರ್ ಮನೆ ಬೂದಿ ಎಷ್ಟು ನುಂಗಿದೀನೋ ಲೆಕ್ಕ ಇಲ್ಲ, ಆದ್ರೂ ಫೋನಲ್ಲಿ ಅವನಿಗೆ ಬಿಡಿಸಿ ಹೇಳೋಷ್ಟ್ರಲ್ಲಿ ಒಂದೂವರೆ ಗಂಟೆ ಹೋಯ್ತು. ಹೇಳಿದ್ದನ್ನೇ ಇಲ್ಲಿ ಬರ್ದು ಹಾಕ್ತಿದೀನಿ, ಬೇರೆಯವ್ರಿಗೂ ಬೇಕಾಗುತ್ತೆ. ಸಕ್ಕರೆ ಉದಾಹರಣೆ ಜಾಸ್ತಿ ಬರುತ್ತೆ ಯಾಕಂದ್ರೆ ನಾನು ಕಂಡಿರೋದು ಅದೇ, ಪೇಪರ್ ಮಿಲ್ಲಿಗೂ ಸ್ಟೀಲಿಗೂ ನೋಡೋ ರೀತಿ ಬದಲಾಗಲ್ಲ.

ಮೊದ್ಲು ಒಂದು ಆಲೆಮನೆ ಕತೆ. ನಮ್ಮ ದೊಡ್ಡಪ್ಪನ ಆಲೆಮನೇಲಿ ಒಂದು ವರ್ಷ ಒಲೆ ಬದಲಾಯಿಸಿದ್ರು, ಗಾಳಿ ಕಿಂಡಿ ಬೇರೆ ಥರ, ಚಿಮಣಿ ಎತ್ತರ. ಆ ವರ್ಷ ಒಲೆಗೆ ಹಾಕೋ ಕಬ್ಬಿನ ಸಿಪ್ಪೆ ಗುಡ್ಡೆ ಉಳ್ಕೊಂಡ್ಬಿಡ್ತು, ದೊಡ್ಡಪ್ಪ ಊರೆಲ್ಲ ಹೇಳ್ಕೊಂಡ್ ಬಂದ್ರು ಹೊಸ ಒಲೆ ಅಂದ್ರೆ ಒಲೆ ಅಂತ. ಮುಂದಿನ್ ವರ್ಷ ಮಳೆ ಬಿಡದೆ ಹೊಡೀತು, ಅದೇ ಒಲೆ, ಅದೇ ಕೊಪ್ಪರಿಗೆ, ಸಿಪ್ಪೆ ಸಾಲ್ದೆ ಪಕ್ಕದೂರಿಂದ ಗಾಡಿ ಹೊಡ್ಕೊಂಡ್ ಬರ್ಬೇಕಾಯ್ತು. ಹಂಗಾದ್ರೆ ಮೊದಲ್ನೇ ವರ್ಷ ಉಳಿಸಿದ್ದು ಒಲೆನೋ ಬಿಸಿಲೋ? ಇವತ್ತಿಗೂ ಗೊತ್ತಿಲ್ಲ, ಯಾಕಂದ್ರೆ ಯಾರೂ ತೂಕ ಹಾಕಿರ್ಲಿಲ್ಲ, ತೇವ ನೋಡಿರ್ಲಿಲ್ಲ.

ಕೋಟಿ ರೂಪಾಯಿ ಪ್ರಾಜೆಕ್ಟಲ್ಲೂ ಇದೇ ಆಗೋದು. ಖರ್ಚಾದ ಕರೆಂಟು ಮೀಟರಲ್ಲಿ ಕಾಣುತ್ತೆ, ಉಳಿತಾಯ ಯಾವ ಮೀಟರಲ್ಲೂ ಕಾಣಲ್ಲ, ಅದು ಬರೀ ಕಳೆಯೋ ಲೆಕ್ಕ. ಈ ಕೆಲಸ ಮಾಡ್ದೆ ಇದ್ದಿದ್ರೆ ಎಷ್ಟು ಆಗ್ತಿತ್ತು ಅನ್ನೋದ್ರಲ್ಲಿ ನಿಜವಾಗಿ ಎಷ್ಟಾಯ್ತು ಅನ್ನೋದನ್ನ ಕಳೀಬೇಕು, ಮೊದಲ್ನೇ ನಂಬರು ಎಲ್ಲೂ ನಡೆದೇ ಇರಲ್ಲ. ರಿಪೋರ್ಟ್ ಓದುವಾಗ ನಿಮ್ಮ ಅರ್ಧ ಸಮಯ ಈ ನಡೆಯದೇ ಇರೋ ನಂಬರ್ ಎಲ್ಲಿಂದ ಬಂತು ಅಂತ ಹುಡುಕೋದಕ್ಕೇ ಇಟ್ಕೊಳಿ.

ರಿಪೋರ್ಟಿಗಿಂತ ಮುಂಚೆ ಓದೋದು

ರಿಪೋರ್ಟ್ ಆಮೇಲೆ ಓದಿ, ಮೊದ್ಲು ಗ್ರಾಂಟ್ ಸ್ಯಾಂಕ್ಷನ್ ಆದಾಗಿನ ಪ್ರಪೋಸಲ್ ಹುಡುಕಿ. ಏನು ಮಾಡ್ತೀವಿ ಅಂದಿದ್ರು, ಎಷ್ಟು ಉಳಿಸ್ತೀವಿ ಅಂದಿದ್ರು, ಯಾವ ಮೀಟರಲ್ಲಿ ಅಳೀತೀವಿ ಅಂದಿದ್ರು ಅಂತ ಬರ್ಕೊಂಡು ಪಕ್ಕಕ್ಕಿಟ್ಟು ಆಮೇಲೆ ರಿಪೋರ್ಟ್ ತೆಗೀರಿ. ಹಬೆ ಕಡಿಮೆ ಮಾಡ್ತೀವಿ ಅಂತ ದುಡ್ಡು ತಗೊಂಡೋರು ಕೊನೇಲಿ ಎರಡು ವರ್ಕ್‌ಶಾಪ್, ನಾಲ್ಕು ಪೇಪರ್, ಒಂದು ಪಿಎಚ್‌ಡಿ ಅಂತ ತೋರಿಸಿದ್ರೆ ಅದು ಸುಳ್ಳಲ್ಲ, ಆದ್ರೆ ನಾವು ಕೇಳಿದ್ದು ಅದಲ್ಲ.

ಇನ್ನೊಂದು, ಅದು ಯಾವ ಜಾತಿ ಪ್ರಾಜೆಕ್ಟು ಅಂತ ನೋಡಿ. ಲ್ಯಾಬಲ್ಲಿ ನಡೆಯೋ ಸಂಶೋಧನೆ ಒಂದು, ಒಂದು ಫ್ಯಾಕ್ಟರೀಲಿ ಹಾಕಿ ತೋರ್ಸೋ ಡೆಮೋ ಇನ್ನೊಂದು, ಗೊತ್ತಿರೋ ಮೆಷಿನ್ ತಗೊಳೋಕೆ ಸಬ್ಸಿಡಿ ಮೂರನೇದು. ಮೂರಕ್ಕೂ ಒಂದೇ ತಕ್ಕಡಿ ಹಿಡಿದ್ರೆ ಅನ್ಯಾಯ. ಐಇ3 ಅನ್ನೋ ಕಮ್ಮಿ ಕರೆಂಟು ತಿನ್ನೋ ದರ್ಜೆಯ ಮೋಟಾರ್ ಹಾಕೋದನ್ನ ರಿಸರ್ಚ್ ಅಂತ ಕರ್ದಿರೋದೂ ಕಂಡಿದೀನಿ, ಅದು ಅಂಗಡೀಲಿ ಸಿಗೋ ಮಾಲು ಸ್ವಾಮಿ, ಅದರಲ್ಲಿ ಸಂಶೋಧನೆ ಮಾಡೋದು ಏನಿದೆ.

ಸರ್ಕಾರದ ದುಡ್ಡು ಅಂದ್ರೆ ಯಾರ ದುಡ್ಡು ಅಂತನೂ ಒಂದ್ಸಲ ನೋಡಿ. ಸಕ್ಕರೆ ವಿಷಯದಲ್ಲಿ 1982ರ ಕಾಯ್ದೆ ಪ್ರಕಾರ ಶುಗರ್ ಡೆವಲಪ್‌ಮೆಂಟ್ ಫಂಡ್ ಅಂತ ಮಾಡಿದ್ರು, ಸಕ್ಕರೆ ಮೇಲೆ ಸೆಸ್ ಹಾಕಿ ತುಂಬಿಸಿದ ಫಂಡು, 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯ್ತು. ಫ್ಯಾಕ್ಟರಿ ಆಧುನೀಕರಣಕ್ಕೆ, ಸಿಪ್ಪೆಯಿಂದ ಕರೆಂಟು ಮಾಡೋ ಕೋಜನ್‌ಗೆ ಇದರಿಂದ ಸಾಲ ಕೊಟ್ಟವ್ರೆ, ರಿಸರ್ಚಿಗೂ ಗ್ರಾಂಟ್ ಇತ್ತು. ಅಂದ್ರೆ ಕಾಫಿಗೆ ಸಕ್ಕರೆ ಹಾಕ್ಕೊಂಡು ಕುಡ್ದೋರೆಲ್ಲ ಇದಕ್ಕೆ ಷೇರ್‌ಹೋಲ್ಡರ್ರೇ.

ಒಂದೇ ನಂಬರು, ಮೂರು ಉತ್ತರ

ಈಗ ಅಸಲಿ ವಿಷಯ. ಪೆನ್ನು ಪೇಪರ್ ತಗೊಳಿ. ಇದು ನಾನು ಲೆಕ್ಕಕ್ಕೆ ಅಂತ ಕಟ್ಟಿದ ಉದಾಹರಣೆ, ಯಾವ ಫ್ಯಾಕ್ಟರೀದೂ ಅಲ್ಲ. ಪ್ರಾಜೆಕ್ಟಿಗೆ ಮುಂಚಿನ ಸೀಸನ್ನಲ್ಲಿ 4 ಲಕ್ಷ ಟನ್ ಕಬ್ಬು ಅರೆದ್ರು, 120 ಲಕ್ಷ ಯೂನಿಟ್ ಕರೆಂಟು ಹೋಯ್ತು. ಪ್ರಾಜೆಕ್ಟ್ ಆದ್ಮೇಲಿನ ಸೀಸನ್ನಲ್ಲಿ 3 ಲಕ್ಷ ಟನ್, 96 ಲಕ್ಷ ಯೂನಿಟ್.

ರಿಪೋರ್ಟ್ ಬರೆಯೋನು ಏನಂತಾನೆ, 24 ಲಕ್ಷ ಯೂನಿಟ್ ಉಳಿತಾಯ, ಶೇಕಡಾ 20, ಚಪ್ಪಾಳೆ. ಸ್ವಲ್ಪ ತಿಳ್ಕೊಂಡೋನು ಟನ್ನಿಗೆ ಭಾಗಿಸ್ತಾನೆ, ಮೊದ್ಲು ಟನ್ನಿಗೆ 30 ಯೂನಿಟ್, ಈಗ 32, ಅಯ್ಯೋ ಇದು ಉಳಿತಾಯ ಅಲ್ಲ ನಷ್ಟ ಅಂತಾನೆ. ಇಬ್ರೂ ತಪ್ಪು. ಯಾಕಂದ್ರೆ ಫ್ಯಾಕ್ಟರೀಲಿ ಕಬ್ಬು ಇರ್ಲಿ ಬಿಡ್ಲಿ ಓಡೋ ಲೋಡ್ ಒಂದಿರುತ್ತೆ, ಕೂಲಿಂಗ್ ನೀರಿನ ಪಂಪು, ಲೈಟು, ಕಂಪ್ರೆಸರ್ರು, ಕಾಲೋನಿ. ಹಳೇ ಸೀಸನ್ನಿನ ವಾರವಾರದ ರೀಡಿಂಗ್ ತಗೊಂಡು, ಅಡ್ಡಕ್ಕೆ ಟನ್ನು, ಮೇಲಕ್ಕೆ ಯೂನಿಟ್ ಹಾಕಿ ಗೆರೆ ಎಳೀರಿ. ಆ ಗೆರೆ ಹೇಳುತ್ತೆ ಅಂದ್ಕೊಳಿ, ಸೀಸನ್ನಿಗೆ ಫಿಕ್ಸೆಡ್ ಲೋಡ್ 24 ಲಕ್ಷ ಯೂನಿಟ್, ಅದರ ಮೇಲೆ ಅರೆದ ಪ್ರತಿ ಟನ್ನಿಗೆ 24 ಯೂನಿಟ್. ಹಂಗಿದ್ರೆ 4 ಲಕ್ಷ ಟನ್ನಿಗೆ 24 ಪ್ಲಸ್ 96, 120 ಸರಿ ಹೋಯ್ತು. ಮಿಲ್ ಓಡಿದ ದಿನ ಅಷ್ಟೇ ಇದ್ದು ಕಬ್ಬು ಮಾತ್ರ 3 ಲಕ್ಷಕ್ಕೆ ಇಳಿದ್ರೆ ಪ್ರಾಜೆಕ್ಟ್ ಇಲ್ದೇನೂ 24 ಪ್ಲಸ್ 72, ಸರಿಯಾಗಿ 96 ಲಕ್ಷವೇ ಆಗ್ಬೇಕಿತ್ತು. ಪ್ರಾಜೆಕ್ಟಿಂದ ಉಳಿದಿದ್ದು ಸೊನ್ನೆ, ಕಳ್ಕೊಂಡಿದ್ದೂ ಸೊನ್ನೆ. ಕಬ್ಬು ಕಮ್ಮಿ ಬಂತು, ಅಷ್ಟೇಯ.

ಈ ಗೆರೆ ರಿಪೋರ್ಟಲ್ಲಿ ಇಲ್ಲ ಅಂದ್ರೆ ನೀವೇ ಎಳೆಯೋಕಾಗುತ್ತಾ ನೋಡಿ, ಎಕ್ಸೆಲ್ ಸಾಕು. ಎರಡೇ ಎರಡು ಸೀಸನ್ ಅಂಕಿ ಇಟ್ಕೊಂಡು ಎಳೀಬೇಡಿ, ಎರಡು ಚುಕ್ಕೆ ಮಧ್ಯೆ ಗೆರೆ ಯಾವಾಗ್ಲೂ ಸರಿಯಾಗೇ ಬರುತ್ತೆ. ವಾರದ ಲೆಕ್ಕ ಬೇಕು, ಇಪ್ಪತ್ತು ಮೂವತ್ತು ಚುಕ್ಕೆ ಬೇಕು. ಆಮೇಲೆ ಹೊಸ ಸೀಸನ್ನಿನ ಪ್ರತಿ ವಾರಕ್ಕೂ ನಿಜವಾಗಿ ಆಗಿದ್ದರಲ್ಲಿ ಗೆರೆ ಹೇಳಿದ್ದನ್ನ ಕಳೆದು, ಆ ವ್ಯತ್ಯಾಸನ ಕೂಡಿಸ್ತಾ ಹೋಗಿ, ಇದನ್ನೇ ನಮ್ಮ ಆಡಿಟರ್‌ಗಳು ಕುಸಮ್ (ಕ್ಯುಮುಲೇಟಿವ್ ಸಮ್) ಅಂತಾರೆ. ಕೂಡಿಸಿದ ಗ್ರಾಫು ಕೆಲಸ ಮುಗಿದ ತಾರೀಖಿಂದ ಕೆಳಗೆ ಬಾಗಿದ್ರೆ ನಿಜವಾದ ಉಳಿತಾಯ. ಮೂರು ತಿಂಗಳ ಹಿಂದೇನೇ ಬಾಗಿದ್ರೆ ಬೇರೆ ಏನೋ ಕಾರಣ ಇದೆ, ಹುಡುಕಿ.

ಸಿಪ್ಪೆ, ತೇವ, ಎರಡು ಥರದ ಶಾಖ

ಬಾಯ್ಲರ್ ಎಫಿಷಿಯೆನ್ಸಿ ಶೇಕಡಾ 70 ಇದ್ದಿದ್ದನ್ನ 88 ಮಾಡಿದ್ವಿ ಅಂತ ಬರ್ದಿದ್ರೆ ತಕ್ಷಣ ಕೇಳಿ, ಜಿಸಿವಿನೋ ಎನ್‌ಸಿವಿನೋ? ಇಂಧನದಲ್ಲಿ ಎಷ್ಟು ಶಾಖ ಇದೆ ಅಂತ ಲೆಕ್ಕ ಹಾಕೋ ಎರಡು ರೀತಿ ಇವು. ಉರಿಯುವಾಗ ಆವಿಯಾಗಿ ಚಿಮಣೀಲಿ ಹೋಗೋ ನೀರಿನ ಶಾಖನ ಲೆಕ್ಕಕ್ಕೆ ಸೇರಿಸ್ಕೊಂಡ್ರೆ ಜಿಸಿವಿ, ಬಿಟ್ರೆ ಎನ್‌ಸಿವಿ. ಕಲ್ಲಿದ್ದಲಲ್ಲಿ ಇವೆರಡಕ್ಕೂ ವ್ಯತ್ಯಾಸ ಸಣ್ಣದು. ಮಿಲ್ಲಿಂದ ಬರೋ ಸಿಪ್ಪೇಲಿ ಅರ್ಧ ನೀರೇ, ಹಂಗಾಗಿ 50% ತೇವದ ಸಿಪ್ಪೆಗೆ ಜಿಸಿವಿ ಕೆಜಿಗೆ ಸುಮಾರು 2270 ಕಿಲೋಕ್ಯಾಲರಿ, ಎನ್‌ಸಿವಿ ಸುಮಾರು 1800. ಅದೇ ಬಾಯ್ಲರ್, ಅದೇ ದಿನ, ಒಂದು ಲೆಕ್ಕದಲ್ಲಿ 70, ಇನ್ನೊಂದ್ರಲ್ಲಿ 88. ಒಂದು ನಟ್ಟೂ ಬಿಚ್ಚಿಲ್ಲ, ಹದಿನೆಂಟು ಪಾಯಿಂಟ್ ಜಾಸ್ತಿ. ಬೇಕಂತಲೇ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ, ಹಳೇ ನಂಬರು ಒಬ್ಬ ಕನ್ಸಲ್ಟೆಂಟ್ ಬರ್ದಿರ್ತಾನೆ ಹೊಸಾದು ಬಾಯ್ಲರ್ ಕಂಪ್ನಿಯೋನು ಕೊಟ್ಟಿರ್ತಾನೆ, ಎರಡನ್ನೂ ಒಂದೇ ಟೇಬಲಲ್ಲಿ ಇಟ್ಬಿಡ್ತಾರೆ.

ಆಗೋ ಹೋಗೋ ಮಾತಾ ಅಂತ ನೋಡೋಕೂ ಒಂದು ಸುಲಭದ ದಾರಿ ಇದೆ. ಚದರ ಸೆಂಟಿಮೀಟರಿಗೆ 67 ಕೆಜಿ ಒತ್ತಡದ ಕೋಜನ್ ಬಾಯ್ಲರಲ್ಲಿ ಒಂದು ಕೆಜಿ ಹಬೆ ಮಾಡೋಕೆ ಸುಮಾರು 700 ಕಿಲೋಕ್ಯಾಲರಿ ಬೇಕು. 2270ನ 700ರಿಂದ ಭಾಗಿಸಿದ್ರೆ 3.2 ಚಿಲ್ರೆ, ಅಂದ್ರೆ ಒಂದು ಚೂರೂ ಶಾಖ ಪೋಲಾಗದೆ ಇದ್ರೂ ಕೆಜಿ ಸಿಪ್ಪೆಗೆ ಅದಕ್ಕಿಂತ ಜಾಸ್ತಿ ಹಬೆ ಬರೋಕೆ ಸಾಧ್ಯನೇ ಇಲ್ಲ. 70% ಅಂತ ಹಿಡಿದ್ರೆ 2.2, 2.3 ಹತ್ರ ಬರುತ್ತೆ. ಯಾವನಾದ್ರೂ 3 ಕೆಜಿ ಹಬೆ ತೆಗೆದ್ವಿ ಅಂದ್ರೆ ಸಿಪ್ಪೆ ಒಣಗಿಸಿ ಹಾಕಿದ್ರಾ, ಇಲ್ಲ ತೂಕದ ಬೆಲ್ಟ್ ಕೆಟ್ಟಿತ್ತಾ ಅಂತ ಕೇಳಿ.

ತೇವದ್ದೂ ಹಂಗೇ. 50 ಇದ್ದದ್ದು 48ಕ್ಕೆ ಇಳಿದ್ರೆ ಬರೀ ಎರಡು ಪಾಯಿಂಟ್ ಅನ್ಸುತ್ತೆ. ಆದ್ರೆ ಟನ್ ಸಿಪ್ಪೇಲಿ ಒಣ ನಾರು 500 ಕೆಜಿ ಇದ್ದದ್ದು 520 ಆಯ್ತು, ಉರಿಯೋ ಮಾಲೇ ಶೇಕಡಾ 4 ಜಾಸ್ತಿ, ಮೇಲೆ ಆವಿ ಮಾಡ್ಬೇಕಾದ ನೀರೂ ಕಮ್ಮಿ. ಇದು ಮಿಲ್ಲಿನ ರೋಲರ್ ಸೆಟ್ಟಿಂಗಿಂದ ಆಗಿದ್ದಾ, ಪ್ರಾಜೆಕ್ಟಿಂದ ಆಗಿದ್ದಾ ಅಂತ ತೇವದ ದಾಖಲೆ ಇಲ್ದೆ ಬಿಡಿಸೋಕಾಗಲ್ಲ. ದೊಡ್ಡಪ್ಪನ ಒಲೆ ನೆನಪಿದೆ ತಾನೆ.

ಹಬೆ ಖರ್ಚಿನ ವಿಷಯಕ್ಕೆ ಒಂದು ಅಂದಾಜು ಇರ್ಲಿ, ಹಳೇ ಫ್ಯಾಕ್ಟರಿಗಳು 100 ಟನ್ ಕಬ್ಬಿಗೆ 50 ಟನ್ನಿಗಿಂತ ಜಾಸ್ತಿ ಹಬೆ ತಿಂತಾವೆ, ಕಬ್ಬಿನ ರಸ ಕಾಯಿಸಿ ಗಟ್ಟಿ ಮಾಡೋಕೆ ಸಾಲಾಗಿ ಐದು ಬಾಡಿ ಇವಾಪರೇಟರ್ ಹಾಕಿ, ಅದರಿಂದ ಏಳೋ ಆವಿನೇ ಬೇರೆ ಕಡೆ ಕಾಯಿಸೋಕೆ ಬಳಸೋ ವೇಪರ್ ಬ್ಲೀಡಿಂಗ್ ಸರಿ ಮಾಡ್ಕೊಂಡಿರೋರು 40ಕ್ಕೆ, ಅದಕ್ಕಿಂತ ಕೆಳಗೂ ಇಳಿಸಿದಾರೆ. ರಿಪೋರ್ಟಲ್ಲಿ 52ರಿಂದ 47ಕ್ಕೆ ಇಳಿಸಿದ್ವಿ ಅಂದ್ರೆ ಒಳ್ಳೇದೇ, ಆದ್ರೆ ಹೊಸದೇನೋ ಕಂಡುಹಿಡಿದ್ರು ಅಂತಲ್ಲ, ಬೇರೆಯವ್ರು ಆಗ್ಲೇ ನಿಂತಿರೋ ಜಾಗದ ಕಡೆ ಇವ್ರೂ ಹೊರಟ್ರು ಅಂತ.

ಮೂರು ವರ್ಷ ಬಿಟ್ಟು ಹೋಗಿ ನೋಡಿ

ಬಾಯ್ಲರಿನ ಹೊಗೆ ಎಳೆಯೋ ಐಡಿ ಫ್ಯಾನಿಗೆ ವಿಎಫ್‌ಡಿ, ಅಂದ್ರೆ ಮೋಟಾರ್ ಸ್ಪೀಡ್ ಬದಲಾಯಿಸೋ ಪ್ಯಾನೆಲ್ ಹಾಕೋದು ಹೆಚ್ಚಿನ ಪ್ರಾಜೆಕ್ಟಲ್ಲಿ ಇರುತ್ತೆ. ಡ್ಯಾಂಪರ್ ಮುಚ್ಚಿ ಗಾಳಿ ತಡೆಯೋ ಬದ್ಲು ಫ್ಯಾನಿನ ಸ್ಪೀಡೇ ಕಮ್ಮಿ ಮಾಡೋದು. ಪವರ್ರು ಸ್ಪೀಡಿನ ಘನಕ್ಕೆ ತಕ್ಕಂಗೆ ಇಳಿಯುತ್ತೆ, 80% ಸ್ಪೀಡಲ್ಲಿ ಓಡಿಸಿದ್ರೆ ಪವರ್ 51% ಸಾಕು, ಪುಸ್ತಕದ ಲೆಕ್ಕ. ಫ್ಯಾನಿಗೆ ಇದು ಹೆಚ್ಚುಕಮ್ಮಿ ನಿಜ. ನೀರನ್ನ ಎತ್ತರಕ್ಕೆ ತಳ್ಳೋ ಪಂಪಿಗೂ ಇದೇ ಲೆಕ್ಕ ಹಾಕಿದ್ರೆ ಒಪ್ಪಬೇಡಿ, ಎತ್ತರ ಸ್ಪೀಡ್ ನೋಡ್ಕೊಂಡು ಕಮ್ಮಿ ಆಗಲ್ಲ.

ಒಂದು ಫ್ಯಾಕ್ಟರಿ, ಹೆಸರು ಬೇಡ. ಅಲ್ಲಿ ಇಂಥದ್ದೊಂದು ಡೆಮೋ ಆಗಿ ಮೂರು ಸೀಸನ್ ಆದ್ಮೇಲೆ ಬೇರೆ ಕೆಲಸಕ್ಕೆ ಹೋಗಿದ್ದೆ. ವಿಎಫ್‌ಡಿ ಪ್ಯಾನೆಲ್ ನೋಡ್ತೀನಿ, ಡಿಸ್‌ಪ್ಲೇ ಕತ್ತಲೆ, ಗಾಳಿ ಫಿಲ್ಟರ್ ಮೇಲೆ ಸಿಪ್ಪೆ ಧೂಳು ಒಂದು ಬೆರಳು ದಪ್ಪ ಕೂತು ಮೆತ್ತೆ ಥರ ಆಗಿದೆ, ಬಾಗಿಲ ಹ್ಯಾಂಡಲ್ಲಿಗೆ ಯಾರೋ ಟವಲ್ ಒಣಗಾಕಿದಾರೆ. ಪಕ್ಕದಲ್ಲಿ ಬೈಪಾಸ್ ಸ್ವಿಚ್ಚು ಮಾತ್ರ ಹೊಳೀತಿದೆ, ದಿನಾ ಕೈ ಆಡೋ ಜಾಗ ಅಲ್ವಾ. ಆಪರೇಟರ್ ಹೇಳ್ದ, ಸಾ ಅದು ಬಿಸಿ ಆಗಿ ಆಗಿ ಟ್ರಿಪ್ ಆಯ್ತಿತ್ತು, ಫ್ಯಾನ್ ನಿಂತ್ರೆ ಬಾಯ್ಲರ್ ನಿಲ್ತದೆ, ಬೈಪಾಸ್ ಮಾಡ್ಬುಟ್ಟು ಡ್ಯಾಂಪರಲ್ಲೇ ಓಡಿಸ್ತಾ ಇವ್ನಿ. ಅವನ ತಪ್ಪೇನಿಲ್ಲ, ಮಿಲ್ ನಿಂತ್ರೆ ಬೈಸ್ಕೊಳೋನು ಅವನು. ಪ್ಯಾನೆಲ್ಲಿಗೆ ಒಂದು ಏಸಿ ರೂಮು ಬೇಕಿತ್ತು, ಬಜೆಟಲ್ಲಿ ಅದು ಇರ್ಲಿಲ್ಲ. ಆ ಪ್ರಾಜೆಕ್ಟಿನ ರಿಪೋರ್ಟಲ್ಲಿ ಉಳಿತಾಯನ ಹತ್ತು ವರ್ಷಕ್ಕೆ ಗುಣಿಸಿದ್ರು.

ಈ ಗುಣಿಸೋ ವರ್ಷದಲ್ಲೇ ಎಲ್ಲಾ ಇರೋದು. 2 ಕೋಟಿ ರೂಪಾಯಿ ಕೆಲಸ, ವರ್ಷಕ್ಕೆ 5 ಲಕ್ಷ ಯೂನಿಟ್ ಉಳಿತಾಯ ಅಂತ ಇಟ್ಕೊಳಿ. ಹತ್ತು ವರ್ಷ ಓಡಿದ್ರೆ 50 ಲಕ್ಷ ಯೂನಿಟ್, ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಬಿತ್ತು, ಪರವಾಗಿಲ್ಲ. ಮೂರೇ ವರ್ಷಕ್ಕೆ ಬೈಪಾಸ್ ಆದ್ರೆ 15 ಲಕ್ಷ ಯೂನಿಟ್, ಯೂನಿಟ್ಟಿಗೆ 13 ರೂಪಾಯಿ ಮೇಲೆ. ಕರೆಂಟೇ ಕೊಂಡ್ಕೊಂಡಿದ್ರೆ ಅಗ್ಗ ಆಗ್ತಿತ್ತು. ಇದ್ರಲ್ಲಿ 2 ಕೋಟಿ ಅಂದ್ರೆ ಸರ್ಕಾರ ಹಾಕಿದ್ದು ಪ್ಲಸ್ ಫ್ಯಾಕ್ಟರಿ ಹಾಕಿದ್ದು ಎರಡೂ ಸೇರಿ, ಬರೀ ಗ್ರಾಂಟ್ ದುಡ್ಡಿಗೆ ಪೂರ್ತಿ ಉಳಿತಾಯ ತೋರಿಸೋದು ಇನ್ನೊಂದು ಚಾಳಿ, ಅದನ್ನೂ ನೋಡ್ಕೊಳಿ.

ಸರ್ಕಾರ ಕೊಡದೇ ಇದ್ದಿದ್ರೂ ಆಗ್ತಿತ್ತಾ

ಇದು ಕಷ್ಟದ ಪ್ರಶ್ನೆ. ಫ್ಯಾಕ್ಟರಿಯೋನಿಗೆ ಹೊರಗೆ ಮಾರೋ ಕರೆಂಟಿಗೆ ಒಳ್ಳೆ ರೇಟ್ ಸಿಕ್ತಿದ್ರೆ ಅವನೇ ಹಬೆ ಉಳಿಸೋಕೆ ಓಡ್ತಾನೆ, ಗ್ರಾಂಟ್ ಬೇಕಿಲ್ಲ. ಅಳೆಯೋಕೆ ಇರೋ ದಾರಿ ಅಂದ್ರೆ ಅಕ್ಕಪಕ್ಕ ನೋಡೋದು. ನಮ್ಮ ಜಿಲ್ಲೇಲೇ ಮಂಡ್ಯ, ಪಾಂಡವಪುರ, ಕೊಪ್ಪ, ಕೆ.ಎಂ.ದೊಡ್ಡಿ, ಮಾಕವಳ್ಳಿ ಅಂತ ಫ್ಯಾಕ್ಟರಿಗಳಿವೆ, ಮಳೆ ಒಂದೇ, ಕಾವೇರಿ ನೀರು ಒಂದೇ, ಹೆಚ್ಚುಕಮ್ಮಿ ಕಬ್ಬೂ ಒಂದೇ. ಗ್ರಾಂಟ್ ಸಿಕ್ಕಿದೋರದ್ದೂ ಸಿಗದೋರದ್ದೂ ಅದೇ ವರ್ಷಗಳ ಹಬೆ ಲೆಕ್ಕ ಪಕ್ಕಪಕ್ಕ ಇಟ್ರೆ, ಇಬ್ರೂ ಒಂದೇ ಥರ ಇಳಿದಿದ್ರೆ ಗ್ರಾಂಟಿಗೆ ಹೆಗ್ಗಳಿಕೆ ಕೊಡೋಕಾಗಲ್ಲ. ಫ್ಯಾಕ್ಟರಿ ವಯಸ್ಸು, ಸೈಜು ಬೇರೆಬೇರೆ ಅನ್ನೋದು ನೆನಪಲ್ಲಿರ್ಲಿ.

ಅಮೆರಿಕದಲ್ಲಿ ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿದಾರೆ. ಅಲ್ಲಿನ ಎನರ್ಜಿ ಇಲಾಖೆ 1978ರಿಂದ 2000ದವರೆಗೆ ಮಾಡಿಸಿದ ರಿಸರ್ಚನ್ನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2001ರಲ್ಲಿ ತೂಗಿ ನೋಡ್ತು. ಎನರ್ಜಿ ಎಫಿಷಿಯೆನ್ಸಿಗೆ ಹಾಕಿದ್ದು ಸುಮಾರು 700 ಕೋಟಿ ಡಾಲರ್, ಬಂದ ಲಾಭ ಸುಮಾರು 3000 ಕೋಟಿ ಡಾಲರ್. ನನಗೆ ಇಷ್ಟ ಆಗಿದ್ದು ಅವ್ರ ಲಾಭದ ನಂಬರಲ್ಲ, ಅವ್ರು ಇಟ್ಕೊಂಡ ಒಂದು ಕಟ್ಟುಪಾಡು. ಸರ್ಕಾರ ಕೈ ಹಾಕ್ದೆ ಇದ್ದಿದ್ರೆ ಅದೇ ಟೆಕ್ನಾಲಜಿ ಐದು ವರ್ಷ ತಡವಾಗಿ ಹೆಂಗಿದ್ರೂ ಬರ್ತಿತ್ತು ಅಂತ ಹಿಡಿದು, ಆ ಐದು ವರ್ಷದ ಲಾಭನ ಮಾತ್ರ ಸರ್ಕಾರದ ಲೆಕ್ಕಕ್ಕೆ ಬರ್ಕೊಂಡ್ರು. ಐದೇ ಯಾಕೆ ಅಂದ್ರೆ ಅದೂ ಒಂದು ಅಂದಾಜೇ, ಆದ್ರೆ ಬಾಯ್ಬಿಟ್ಟು ಹೇಳಿದ ಅಂದಾಜು. ಇನ್ನೊಂದು ಮಜಾ ಏನಂದ್ರೆ ಆ ಲಾಭದಲ್ಲಿ ದೊಡ್ಡ ಪಾಲು ಬಂದಿದ್ದು ಮೂರೇ ಸಣ್ಣ ಖರ್ಚಿನ ಕೆಲಸಗಳಿಂದ, ಫ್ರಿಜ್ ಕಂಪ್ರೆಸರ್ರು, ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕು, ಶಾಖ ತಡೆಯೋ ಕಿಟಕಿ ಗಾಜು. ಹಂಗಾಗಿ ಒಂದು ಸ್ಕೀಮಲ್ಲಿ ಹತ್ತು ಪ್ರಾಜೆಕ್ಟಿದ್ದು ಏಳು ಸೋತಿದ್ರೆ ಇಡೀ ಸ್ಕೀಮ್ ದಂಡ ಅನ್ನೋಕೆ ಹೋಗ್ಬೇಡಿ.

ನಮ್ಮಲ್ಲಿ ಪಿಎಟಿ (ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್) ಸ್ಕೀಮ್ ನೋಡಿ, ಇಷ್ಟು ಎನರ್ಜಿ ಉಳಿಸಿ ಅಂತ ದೊಡ್ಡ ಫ್ಯಾಕ್ಟರಿಗಳಿಗೆ ಸರ್ಕಾರ ಗುರಿ ಕೊಡೋ ಸ್ಕೀಮು, ಗುರಿ ಮೀರಿ ಉಳಿಸಿದೋರು ಸರ್ಟಿಫಿಕೇಟ್ ಮಾರ್ಬೋದು. ಅದು ರಿಸರ್ಚ್ ಅಲ್ಲ ನಿಜ, ಆದ್ರೆ ತೂಗೋಕೆ ಒಳ್ಳೆ ಪಾಠ. 2012ರಿಂದ 2015ರ ಮೊದಲ್ನೇ ಸುತ್ತಲ್ಲಿ ಸ್ಟೀಲು, ಸಿಮೆಂಟು, ಪೇಪರ್ ಥರದ 8 ವಲಯಗಳ 478 ಘಟಕಗಳು, ಸಕ್ಕರೆ ಅದರಲ್ಲಿ ಇರ್ಲಿಲ್ಲ. ಗುರಿ 6.686 ಮಿಲಿಯನ್ ಟನ್ ತೈಲಕ್ಕೆ ಸಮ, ಉಳಿಸಿದ್ದು 8.67. ಗುರಿಗಿಂತ ಜಾಸ್ತಿ. ಇದನ್ನ ಎರಡು ರೀತಿ ಓದ್ಬೋದು, ಫ್ಯಾಕ್ಟರಿಗಳು ಭರ್ಜರಿ ಕೆಲಸ ಮಾಡಿದ್ವು ಅಂತಾನೋ ಗುರಿನೇ ಸಲೀಸಾಗಿತ್ತು ಅಂತಾನೋ. 2017ರಲ್ಲಿ ಉಳಿತಾಯದ ಸರ್ಟಿಫಿಕೇಟ್ ವ್ಯಾಪಾರ ಶುರುವಾದಾಗ ಮಾರೋರು ಜಾಸ್ತಿಯಾಗಿ ರೇಟ್ ಬಿದ್ದೋಯ್ತು, ಅದನ್ನ ನೋಡಿದ್ರೆ ಎರಡನೇದ್ರಲ್ಲೂ ಹುರುಳಿದೆ ಅನ್ಸುತ್ತೆ ನನಗೆ.

ಪೈಲಟ್ ರಿಸರ್ಚು, ಸೋತ ರಿಸರ್ಚು, ಇವುಗಳ ಬಗ್ಗೆ ಇನ್ನೊಂದು ಮಾತು. ಹಾಲೆಂಡಿನ ಐಮಾಯ್ಡೆನ್‌ನಲ್ಲಿ ಟಾಟಾ ಸ್ಟೀಲ್ ಜಾಗದಲ್ಲಿ ಹೈಸಾರ್ನಾ ಅಂತ ಒಂದು ಪೈಲಟ್ ಕುಲುಮೆ, ಅಂದ್ರೆ ಪರೀಕ್ಷೆ ಮಾಡಿ ನೋಡೋ ಸಣ್ಣ ಕುಲುಮೆ, 2010ರಲ್ಲಿ ಕಟ್ಟಿದ್ರು, ಗಂಟೆಗೆ 8 ಟನ್ ಕಬ್ಬಿಣದಷ್ಟು. ಕಲ್ಲಿದ್ದಲಿಂದ ಕೋಕ್ ಮಾಡೋದು, ಅದಿರಿನ ಪುಡಿನ ಕಾಯಿಸಿ ಗಟ್ಟಿ (ಸಿಂಟರ್) ಮಾಡೋದು ಎರಡೂ ಬಿಟ್ಟು ನೇರ ಕಬ್ಬಿಣ ತೆಗೆಯೋ ಐಡಿಯಾ, ಇಂಧನ ಶೇಕಡಾ 20ರಷ್ಟು ಕಮ್ಮಿ ಆಗ್ಬೋದು ಅನ್ನೋ ಲೆಕ್ಕ, ಯೂರೋಪಿನ ಕಲ್ಲಿದ್ದಲು ಮತ್ತು ಸ್ಟೀಲ್ ರಿಸರ್ಚ್ ಫಂಡಿನ ದುಡ್ಡೂ ಇದಕ್ಕೆ ಹೋಗಿದೆ. ಪೈಲಟ್ ಅಂದ್ಮೇಲೆ ಊರಿಗೆ ಸಾಕಾಗೋಷ್ಟು ಕಬ್ಬಿಣ ಕೊಡ್ಲಿಲ್ಲ ಅಂತ ಬೈಯೋದ್ರಲ್ಲಿ ಅರ್ಥ ಇಲ್ಲ, ಎಷ್ಟು ಗಂಟೆ ನಿಲ್ಲದೆ ಓಡಿತು, ಒಳಗಿನ ಇಟ್ಟಿಗೆ ಎಷ್ಟು ಸವೀತು, ಆ ದಾಖಲೆ ಇನ್ನೊಬ್ಬನ ಕೈಗೆ ಸಿಗುತ್ತಾ ಅಂತ ಕೇಳ್ಬೇಕು. ಆಗ್ಲಿಲ್ಲ, ಇಂಥಾ ಕಾರಣಕ್ಕೆ ಆಗ್ಲಿಲ್ಲ ಅಂತ ಅಂಕಿಅಂಶದ ಸಮೇತ ಬರ್ದಿಟ್ರೆ ಅದಕ್ಕೂ ಬೆಲೆ ಇದೆ. ನಾನಂತೂ ಅಂಥಾ ರಿಪೋರ್ಟಿಗೆ ಶೇಕಡಾ 20 ಉಳಿತಾಯ ಅಂತ ಚಪ್ಪಾಳೆ ಹೊಡ್ಕೊಂಡಿರೋ ರಿಪೋರ್ಟಿಗಿಂತ ಜಾಸ್ತಿ ಮಾರ್ಕ್ಸ್ ಕೊಡ್ತೀನಿ.

ಕಾಗದ ಹೆಂಗೆ ತರಿಸ್ಕೊಳೋದು

ಕೇಳಿದ್ರೆ ಕೊಡಲ್ಲ ಅನ್ನೋರಿಗೆ ಆರ್‌ಟಿಐ ಇದೆ, 2005ರ ಕಾಯ್ದೆ, 10 ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡ್ಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜೀಲಿ ಒಂದೇ ವಿಷಯ, ಕತೆ ಬರೀಬೇಡಿ. ಉಳಿತಾಯ ಎಷ್ಟಾಯ್ತು ಅಂತ ಕೇಳಿದ್ರೆ ರಿಪೋರ್ಟಿನ ಮೊದಲ್ನೇ ಪೇಜಿನ ಜೆರಾಕ್ಸ್ ಬರುತ್ತೆ. ಹಂಗಲ್ದೆ ಮಂಜೂರಾತಿ ಆದೇಶ, ಪ್ರಪೋಸಲ್, ದುಡ್ಡು ಹೆಂಗೆ ಖರ್ಚಾಯ್ತು ಅನ್ನೋ ಯುಟಿಲೈಸೇಷನ್ ಸರ್ಟಿಫಿಕೇಟು, ಪ್ರಾಜೆಕ್ಟ್ ಹಿಂದೆಮುಂದಿನ ಎರಡೆರಡು ಸೀಸನ್ನಿನ ದೈನಂದಿನ ಮೀಟರ್ ರೀಡಿಂಗ್ ಪ್ರತಿ ಅಂತ ದಾಖಲೆ ಹೆಸರು ಹಿಡಿದು ಕೇಳಿ. ವ್ಯಾಪಾರದ ಗುಟ್ಟು ಅಂತ ಸೆಕ್ಷನ್ 8(1)(ಡಿ) ತೋರಿಸ್ಬೋದು, ಸಾರ್ವಜನಿಕ ಹಿತ ದೊಡ್ಡದಿದ್ರೆ ಕೊಡ್ಬೇಕು ಅಂತನೂ ಅದರಲ್ಲೇ ಇದೆ. ಸೀಸನ್ ಮುಗಿದ್ಮೇಲೆ ಫ್ಯಾಕ್ಟರಿಗಳು ಆರ್‌ಟಿ 8ಸಿ ಅಂತ ಒಂದು ರಿಟರ್ನ್ ತಯಾರ್ ಮಾಡ್ತಾರೆ, ಅರೆದದ್ದು, ಸಿಪ್ಪೆ, ನಿಂತ ಗಂಟೆಗಳು ಎಲ್ಲ ಇರುತ್ತೆ, ಸಿಕ್ರೆ ಬಿಡ್ಬೇಡಿ.

ಜಾಗಕ್ಕೆ ಹೋಗೋದಾದ್ರೆ ಮಿಲ್ ಓಡೋವಾಗ ಹೋಗಿ, ನಮ್ಮ ಕಡೆ ಮಳೆಗಾಲದಲ್ಲೇ ಅರೆಯೋಕೆ ಶುರು ಮಾಡ್ತಾರೆ, ಬೆಳಗಾವಿ ಕಡೆ ಥರ ಅಕ್ಟೋಬರ್ ನವೆಂಬರ್‌ವರೆಗೆ ಕಾಯ್ಬೇಕಿಲ್ಲ. ಮ್ಯಾನೇಜರ್ ಎದುರು ಕೂತು ಪಿಪಿಟಿ ನೋಡಿದ್ದು ಸಾಕು ಅಂತ ಎದ್ದು ಕಂಟ್ರೋಲ್ ರೂಮಿಗೆ ಹೋಗಿ ರಾತ್ರಿ ಶಿಫ್ಟಿನ ಲಾಗ್‌ಬುಕ್ ತೆಗೆಸಿ. ರಾತ್ರಿ ಶಿಫ್ಟೇ ಯಾಕಂದ್ರೆ ಆಗ ಯಾರೂ ವಿಸಿಟರ್ ಇರಲ್ಲ, ಮೆಷಿನ್ನು ಹೆಂಗೆ ಓಡುತ್ತೋ ಹಂಗೇ ಬರ್ದಿರ್ತಾರೆ. ಎಲ್ಲಾ ದಿನನೂ ಒಂದೇ ಕೈಬರಹ, ಒಂದೇ ಇಂಕು, ಒಂದೇ ನಂಬರ್ ಇದ್ರೆ ಅದು ಕೂತ್ಕೊಂಡು ಬರೆದ ಬುಕ್ಕು.

ನಮ್ಮ ಹುಡುಗ ಹಂಗೇ ಮಾಡ್ದ. ಬಸ್ ಹತ್ಕೊಂಡು ಹೋಗಿ ಇಡೀ ದಿನ ಕೂತು 140 ದಿನದ ಲಾಗ್‌ಬುಕ್ ಮೊಬೈಲಲ್ಲಿ ಫೋಟೋ ಹೊಡ್ಕೊಂಡ್ ಬಂದ, ಸಂಜೆ ಇಬ್ರೂ ಕೂತು ಎಕ್ಸೆಲ್ಲಿಗೆ ಹಾಕಿದ್ವಿ. ಟನ್ನು ಇದೆ, ಹಬೆ ಇದೆ, ಯೂನಿಟ್ ಇದೆ, ಗೆರೆನೂ ಚೆನ್ನಾಗೇ ಬಂತು, ಉಳಿತಾಯ ಇದೆ, ರಿಪೋರ್ಟಲ್ಲಿ ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಸಿಪ್ಪೆ ತೇವದ ಕಾಲಂ ಮಾತ್ರ ಮಧ್ಯದಲ್ಲಿ ಮೂವತ್ತೆಂಟು ದಿನ ಖಾಲಿ. ಕೇಳಿದ್ದಕ್ಕೆ ಲ್ಯಾಬಿನೋನು ಓವನ್ ಕೆಟ್ಟೋಗಿತ್ತು ಅಂದ್ನಂತೆ. ಆ ಮೂವತ್ತೆಂಟು ದಿನ ಮಳೆ ಎಷ್ಟು ಬಿತ್ತು ಅಂತ ಮಂಡ್ಯದ ವಿ.ಸಿ. ಫಾರ್ಮಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳೋಕೆ ಸೋಮವಾರ ಹೋಗ್ತಿದಾನೆ.